ಆದೋನಿಯ ಓರೆ ಬಿಸಿಲಲ್ಲಿ ಕೌದಿ

ಬಳ್ಳಾರಿಯಿಂದ ಆಲೂರು ದಾರಿ ಹಿಡಿದು ಆದೋನಿಗೆ ಹೊರಟರೆ, ಗಡಿ ದಾಟಿದ್ದು ಅಂಗಡಿಗಳ ಬೋರ್ಡು ನೋಡಿದಾಗ ತಿಳಿಯುತ್ತದೆ. ಜನರ ಮಾತು ಕೇಳಿದರೆ ತಿಳಿಯುವುದಿಲ್ಲ. ಆದೋನಿ ಮತ್ತು ಆಲೂರು ತಾಲೂಕುಗಳು ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಅವು ಆ ರಾಜ್ಯಕ್ಕೆ ಸೇರಿ ಕರ್ನೂಲು ಜಿಲ್ಲೆಯ ಪಾಲಾದವು. ಆದರೂ ಇಲ್ಲಿನ ಹಲವು ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ. ಜೊತೆಗೆ ಕೌದಿಯೂ ಉಳಿದಿದೆ. ತೆಲುಗಿನವರು ಅದನ್ನೇ ಬೊಂತ ಎನ್ನುತ್ತಾರೆ.

ಆದೋನಿ ಹತ್ತಿಯ ಊರು. ಸುತ್ತಲಿನ ಎರೆ ಹೊಲಗಳ ಹತ್ತಿ ಇಲ್ಲಿನ ಮಾರುಕಟ್ಟೆಗೆ ಬಂದು, ಜಿನ್ನಿಂಗ್ ಮಿಲ್ಲುಗಳನ್ನು ಹಾದು ದೂರದೂರಿಗೆ ಹೋಗುತ್ತದೆ. ಅದು ಸೀರೆಯಾಗಿ, ಧೋತರವಾಗಿ ಮನೆಗೆ ಮರಳಿ, ಉಟ್ಟು ಉಟ್ಟು ಮೆತ್ತಗಾದ ಮೇಲೆ ಅವ್ವಂದಿರ ಕೈಗೆ ಬರುತ್ತದೆ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಹೊಲಿದರೆ ಒಂದು ಕೌದಿ. ಅದಕ್ಕೆ ವಾರಗಳೇ ಹಿಡಿಯುತ್ತವೆ. ಹೊದ್ದು, ಒಗೆದು, ಸವೆದು, ಕೊನೆಗೊಂದು ದಿನ ಅದು ಇಲ್ಲವಾಗುತ್ತದೆ. ಆದ್ದರಿಂದಲೇ ಅದರ ಚಿತ್ರ ತೆಗೆದಿಡಬೇಕೆಂದು ನಾವು ಈ ಸೀಮೆಯಲ್ಲಿ ತಿರುಗಾಡಿದೆವು.

ಮನೆಯೊಳಗೆ ಬೆಳಕು ಸಾಲದು. ಕೌದಿಯನ್ನು ಹೊರಗೆ ತರಲೇಬೇಕು. ಹೊರಗೆ ತಂದೊಡನೆ ಮೊದಲು ಎದುರಾಗುವವನು ಸೂರ್ಯ. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದರೆ ಬಣ್ಣಗಳು ಬೆಳ್ಳಗಾಗಿ, ಹೊಲಿಗೆಯೇ ಕಾಣದಾಗುತ್ತದೆ. ಕೌದಿಯ ಅಂದವಿರುವುದು ಅದರ ಸಣ್ಣ ಸಣ್ಣ ಉಬ್ಬುತಗ್ಗುಗಳಲ್ಲಿ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಸುಮಾರಿಗೆ ಬಿಸಿಲು ಬದಿಯಿಂದ ಓರೆಯಾಗಿ ಬಿದ್ದಾಗ ಪ್ರತಿ ಹೊಲಿಗೆಗೂ ಒಂದು ಪುಟ್ಟ ನೆರಳು ಹುಟ್ಟುತ್ತದೆ. ಆಗ ಆ ಕೈ ಎಲ್ಲಿ ಬಿಗಿಯಾಗಿ ಎಳೆದಿದೆ, ಎಲ್ಲಿ ಸಡಿಲ ಬಿಟ್ಟಿದೆ ಎಂಬುದೂ ಚಿತ್ರದಲ್ಲಿ ಮೂಡುತ್ತದೆ. ಬಣ್ಣಗಳಷ್ಟೇ ಸರಿಯಾಗಿ ಬರಬೇಕೆಂದರೆ ಮೋಡದ ದಿನ ಅಥವಾ ಗೋಡೆಯ ನೆರಳು ಒಳ್ಳೆಯದು. ನೆರಳಿನಲ್ಲಿ ಚಿತ್ರಕ್ಕೆ ನೀಲಿ ಛಾಯೆ ಬರಬಹುದು. ಪಕ್ಕದಲ್ಲಿ ಒಂದು ಬಿಳಿ ಕಾಗದವನ್ನಿಟ್ಟು ತೆಗೆದರೆ ಆಮೇಲೆ ಬಣ್ಣ ಸರಿಪಡಿಸುವುದು ಸುಲಭ.

ಎರಡನೆಯ ಕಷ್ಟ ಗಾಳಿ. ಮರಗಳು ವಿರಳವಾದ ಈ ಬಯಲಿನಲ್ಲಿ ಮುಂಗಾರಿನ ದಿನಗಳ ಗಾಳಿ ಭಾರದ ಕೌದಿಯನ್ನೂ ಪಟದಂತೆ ಉಬ್ಬಿಸುತ್ತದೆ. ಹಗ್ಗದ ಮೇಲೆ ಹಾಕಿದರೆ ನಡುವೆ ಜೋತು, ನೇರವಾದ ಸಾಲುಗಳು ಡೊಂಕಾಗುತ್ತವೆ. ಗಟ್ಟಿಯಾದ ಬಿದಿರ ಗಳುವಿಗೆ ಮೇಲಂಚನ್ನು ಉದ್ದಕ್ಕೂ ಕ್ಲಿಪ್ಪುಗಳಿಂದ ಸಿಕ್ಕಿಸಿ, ಸುಣ್ಣದ ಗೋಡೆಗೆ ಒರಗಿಸಿದರೆ ಅದು ನೆಟ್ಟಗೆ ನಿಲ್ಲುತ್ತದೆ. ಕ್ಯಾಮೆರಾ ಕೌದಿಯ ನಡುಮಟ್ಟಕ್ಕೆ ನೇರವಾಗಿರಲಿ. ಮೊಬೈಲನ್ನು ತೀರ ಹತ್ತಿರ ಹಿಡಿದರೆ ಅಂಚುಗಳು ಬಾಗಿದಂತೆ ಕಾಣುತ್ತವೆ; ನಾಲ್ಕು ಹೆಜ್ಜೆ ಹಿಂದೆ ಸರಿಯುವುದು ಲೇಸು.

ಇಲ್ಲಿನ ಮಣ್ಣಿನ ಮಾಳಿಗೆಗಳನ್ನು ಕಂಡಾಗ, ಮೇಲೆ ನಿಂತು ಅಂಗಳದಲ್ಲಿ ಹಾಸಿದ ಕೌದಿಯನ್ನು ತೆಗೆಯೋಣ ಎನಿಸುತ್ತದೆ. ಹಾಗೆ ಓರೆಯಾಗಿ ನೋಡಿದರೆ ಹತ್ತಿರದ ಅಂಚು ಅಗಲ, ದೂರದ ಅಂಚು ಕಿರಿದಾಗಿ ಕಾಣುತ್ತದೆ. ಆದೋನಿಯ ಬೆಟ್ಟದ ಹೆಬ್ಬಂಡೆಗಳೂ ಕರೆಯುತ್ತವೆ. ಬಂಡೆಯ ಮೇಲೆ ಹೊದಿಸಿದ ಕೌದಿಯ ಚಿತ್ರ ಕ್ಯಾಲೆಂಡರಿಗೆ ಚೆನ್ನ, ಆದರೆ ಅರ್ಧ ವಿನ್ಯಾಸ ಮಡಿಕೆಗಳಲ್ಲಿ ಮರೆಯಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕಷ್ಟವೊಂದಿದೆ. ಕೋಸಿಗಿ, ಕೌತಾಳಂ, ಮಂತ್ರಾಲಯದ ಸುತ್ತಿನ ಹಳ್ಳಿಗಳಲ್ಲಿ ಮಳೆ ನಂಬುವಂಥದ್ದಲ್ಲ. ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ, ಹತ್ತಿ ಮತ್ತು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೋಗುತ್ತವೆ. ಕೆಲವರು ಬೆಂಗಳೂರಿಗೂ ಮುಂಬಯಿಗೂ ಹೋಗುತ್ತಾರೆ. ಗಂಟುಮೂಟೆಯಲ್ಲಿ ಕೌದಿಯೂ ಹೋಗುತ್ತದೆ. ಬೆಳಕು ಚೆನ್ನಾಗಿರುವ ಚಳಿಗಾಲದಲ್ಲಿಯೇ ಓಣಿಗಳು ಬರಿದಾಗಿರುತ್ತವೆ. ಚಿತ್ರ ತೆಗೆಯುವವರಿಗೆ ಚೆಂದದ ವಸ್ತುವಾಗಿ ಕಾಣುವ ಕೌದಿ, ಅವರಿಗೆ ಗುಡಾರದ ನೆಲದ ಮೇಲಿನ ಹಾಸಿಗೆ. ಇದನ್ನು ತಿಳಿದ ಮೇಲೆ, ಕೇಳದೆ ಯಾರ ಕೌದಿಯ ಮುಂದೂ ಕ್ಯಾಮೆರಾ ಎತ್ತಬಾರದೆಂಬ ವಿವೇಕ ತಾನಾಗಿ ಬರುತ್ತದೆ.

ಹದಿನೇಳನೆಯ ಶತಮಾನದಲ್ಲಿ ಆದೋನಿಯನ್ನು ಆಳಿದ ಸಿದ್ದಿ ಮಸೂದ್ ಖಾನ್ ಆಫ್ರಿಕಾ ಮೂಲದವನು. ಊರಿನ ಜಾಮಿಯಾ ಮಸೀದಿ ಅವನ ಕಾಲದ್ದು. ಆಫ್ರಿಕಾ ಮೂಲದ ಸಿದ್ದಿ ಜನರು ಇಂದು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿ ನೆಲೆಸಿದ್ದಾರೆ. ಅವರ ಹೆಂಗಸರೂ ಕೌದಿ ಹೊಲಿಯುತ್ತಾರೆ. ಕ್ರೈಸ್ತ ಸಿದ್ದಿ ಮನೆಗಳ ಕೆಲವು ಕೌದಿಗಳಲ್ಲಿ ತುಂಡುಬಟ್ಟೆಯ ಶಿಲುಬೆಗಳಿರುತ್ತವೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. ಆದೋನಿ ಸೀಮೆಯ ಅವ್ವಂದಿರ ಕೆಲಸವೂ ಅಂಥದೇ ಗಮನಕ್ಕೆ ತಕ್ಕದ್ದು.

ಪ್ರಿಯ ಓದುಗರೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಒಂದು ಕೌದಿ ಇರಬಹುದು. ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಅದನ್ನು ಅಂಗಳಕ್ಕೆ ತನ್ನಿ. ಪೂರ್ತಿ ಕೌದಿಯ ಒಂದು ಚಿತ್ರ, ಅಳತೆಪಟ್ಟಿಯಿಟ್ಟು ಹೊಲಿಗೆಯ ಒಂದು ಚಿತ್ರ, ಹಿಂಬದಿಯ ಒಂದು ಚಿತ್ರ ತೆಗೆಯಿರಿ. ಹೊಲಿದವರು ಒಪ್ಪಿದರೆ ಅವರನ್ನೂ ಪಕ್ಕದಲ್ಲಿ ಕೂರಿಸಿ. ಯಾವ ತುಂಡು ಯಾರ ಸೀರೆಯದು, ಯಾರ ಅಂಗಿಯದು ಎಂದು ಅಜ್ಜಿಯನ್ನು ಕೇಳಿ ಬರೆದಿಡಿ. ಅಕ್ಷರ ಕಲಿಯದ ಎಷ್ಟೋ ತಾಯಂದಿರು ಸೂಜಿಯಿಂದ ಬರೆದ ಕುಟುಂಬದ ಚರಿತ್ರೆ ಅದು. ಚಿತ್ರದ ಕೆಳಗೆ ಅವರ ಹೆಸರು ಇರಲಿ.