ಯೆಜ್ಡಿಯ ಪಾಠಶೋಧನೆ

ಕನ್ನಡ ನಾಡಿನ ಯಂತ್ರೋದ್ಯಮದ ಚರಿತ್ರೆಯನ್ನು ಬರೆಯುವವರು ಮೈಸೂರಿನ ಯಾದವಗಿರಿಯನ್ನು ಬಿಡುವಂತಿಲ್ಲ. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದು, ಜಯಚಾಮರಾಜ ಒಡೆಯರ ಪ್ರೋತ್ಸಾಹದೊಡನೆ, 1960ರ ದಶಕದ ಆರಂಭದಲ್ಲಿ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. ಮುಂದಿನ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂದಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಮೈಸೂರಿನಿಂದ ಮಡಿಕೇರಿ, ಸಂಪಾಜೆ, ಸುಳ್ಯಗಳನ್ನು ಹಾದು ಪುತ್ತೂರಿಗೆ ಇಳಿಯುವ ಹೆದ್ದಾರಿಯಲ್ಲಿ ಈ ಬೈಕುಗಳು ಎಷ್ಟು ಬಂದವೋ! ಅಡಕೆ ತೋಟದ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಒಂದೊಂದು ನಿಂತಿರುವುದುಂಟು. ನಮ್ಮ ಮನೆಯದು ತಂದೆಯವರ ಕಾಲದ್ದು.

ನಮ್ಮ ಮಳೆಯ ಸೀಮೆಗೆ ಹೊಂದುವ ಒಂದು ಗುಣ ಈ ಗಾಡಿಗಿದೆ. ಇದರ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ. ಕೆಂಪು ಮಣ್ಣಿನ ಕೆಸರು ಅದನ್ನು ಸುಲಭವಾಗಿ ತಾಗದು. ಕಿಕ್ಕರ್ ಹೊಡೆದ ಕೋಲನ್ನೇ ಮಡಚಿದರೆ ಅದು ಗೇರಿನ ಕೋಲಾಗುವ ಜಾಣ್ಮೆಯನ್ನು ಕಂಡು ಬೆರಗಾಗದ ಹುಡುಗರು ನನ್ನ ಕಾಲದಲ್ಲಿ ಇರಲಿಲ್ಲ. ಎರಡು ಸ್ಟ್ರೋಕಿನ ಎಂಜಿನ್ ಆದುದರಿಂದ ಪೆಟ್ರೋಲಿನೊಡನೆ ಲೀಟರಿಗೆ ನಲವತ್ತೈವತ್ತು ಮಿ.ಲೀ. ಎಣ್ಣೆ ಬೆರೆಸಬೇಕು. ಆದ್ದರಿಂದ ಸ್ವಲ್ಪ ಹೊಗೆ ಇದರ ಸಹಜಧರ್ಮ; ಅತಿಯಾದ ಹೊಗೆಯೇ ರೋಗ.

ಕಳೆದ ಆಟಿ ತಿಂಗಳಲ್ಲಿ ನಮ್ಮದಕ್ಕೆ ಬಂದದ್ದು ಆ ರೋಗ. ಬಿಳಿಯ, ದಟ್ಟ ಹೊಗೆ. ಪೇಟೆಯ ಒಂದು ಅಂಗಡಿಯಲ್ಲಿ ಪಿಸ್ಟನ್ ರಿಂಗ್, ಪ್ಲಗ್, ಕಾರ್ಬುರೇಟರಿನ ಜೆಟ್ ಮೂರನ್ನೂ ಒಮ್ಮೆಗೇ ಬದಲಿಸಿದರು. ಹೊಗೆ ಹಾಗೆಯೇ ಉಳಿಯಿತು. ಮೂರನ್ನೂ ಒಟ್ಟಿಗೆ ಮುಟ್ಟಿದ್ದರಿಂದ, ಯಾವುದು ಮೊದಲೇ ಸರಿಯಾಗಿತ್ತೆಂಬ ಸಾಕ್ಷ್ಯವೂ ಅಳಿಸಿಹೋಯಿತು.

ಆಮೇಲೆ ಸಿಕ್ಕವರು ದರ್ಬೆಯ ಕಡೆಯ ಒಬ್ಬ ವೃದ್ಧ ಮೆಕ್ಯಾನಿಕ್. ಊರಿನವರಿಗೆ ಅವರು ಆಚಾರ್ರು. ಕಮ್ಮಾರಿಕೆಯ ಮನೆತನ, ಯಂತ್ರ ಅವರ ತಲೆಮಾರಿಗೆ ಬಂದದ್ದು. (ಆಚಾರ್ಯ ಎಂಬ ಪದ ಮುನಿಸಂಘದ ನಾಯಕನಿಗೂ ಕುಲುಮೆಯ ಮುಂದೆ ಕೂತವನಿಗೂ ಸಲ್ಲುವುದು ನನಗೆ ಸದಾ ಪ್ರಿಯವಾದ ಸಂಗತಿ.) ಅವರು ಸ್ಪ್ಯಾನರನ್ನು ಕೈಗೆತ್ತಿಕೊಳ್ಳಲಿಲ್ಲ. ಮೊದಲು ಗಾಡಿಯ ಕೆಳಗಿನ ನೆಲವನ್ನು ನೋಡಿದರು. ಎಣ್ಣೆಯ ಕಲೆ ಇರಲಿಲ್ಲ. ಪ್ಲಗ್ ಬಿಚ್ಚಿಸಿದರು, ಕಪ್ಪಗೆ, ಜಿಡ್ಡಾಗಿ ನೆನೆದಿತ್ತು. ಹೊಗೆಯನ್ನು ಅಂಗೈಗೆ ಹಿಡಿದು ಮೂಸಿದರು.

“ಮಾಸ್ಟ್ರೇ, ಇದು ಪೆಟ್ರೋಲಿಗೆ ಹಾಕಿದ ಎಣ್ಣೆಯ ವಾಸನೆ ಅಲ್ಲ. ಗೇರ್ ಆಯಿಲ್ ಎಷ್ಟುಂಟು, ನೋಡುವ.”

ಬಸಿದು ಅಳೆದಾಗ ಮೂರು ತಿಂಗಳ ಹಿಂದೆ ತುಂಬಿಸಿದ್ದರಲ್ಲಿ ಅರ್ಧವೂ ಇರಲಿಲ್ಲ. ಹೊರಗೆ ಸೋರದ ಎಣ್ಣೆ ಒಳಗೇ ಹೋಗಿರಬೇಕು. ಕ್ರ್ಯಾಂಕಿನ ಕ್ಲಚ್ ಬದಿಯಲ್ಲಿ ಒಂದು ರಬ್ಬರ್ ಸೀಲ್ ಇದೆ. ಅದು ಮುದಿಯಾಗಿ ಗಟ್ಟಿಯಾದರೆ, ಪಿಸ್ಟನ್ ಮೇಲೇರುವಾಗ ಕೆಳಗಿನ ಕೋಣೆಯಲ್ಲಿ ಹುಟ್ಟುವ ಎಳೆತಕ್ಕೆ ಗೇರಿನ ಎಣ್ಣೆ ನುಸುಳಿ ಬಂದು ಉರಿಯುತ್ತದೆ. ಡೈನಮೋ ಬದಿಯಲ್ಲಿಯೂ ಅಂತಹದೇ ಒಂದು ಸೀಲ್ ಉಂಟು. ಅದು ಕೆಟ್ಟರೆ ಲಕ್ಷಣ ಪೂರ್ತಿ ವಿಪರೀತ: ಎಣ್ಣೆಯ ಬದಲು ಗಾಳಿ ನುಗ್ಗುತ್ತದೆ, ಹೊಗೆ ಹೆಚ್ಚದು, ಪ್ಲಗ್ ಬೆಳ್ಳಗಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಅರಚುತ್ತಲೇ ಇರುತ್ತದೆ. ಒಂದೇ ಬಗೆಯ ದೋಷ, ಸ್ಥಾನಭೇದದಿಂದ ಎರಡು ಅರ್ಥ.

ಸೀಲ್ ಬದಲಿಸುವ ಕೆಲಸ ಎರಡು ದಿನದಲ್ಲಿ ಮುಗಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹಿಂದಿನ ಅರ್ಧ ಗಂಟೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗಳಿಗೆ ಈ ಕ್ರಮ ಅಪರಿಚಿತವಾಗದು. ಓಲೆಯಲ್ಲಿ ಅರ್ಥ ಕೂಡದ ಪದ ಕಂಡೊಡನೆ ತಿದ್ದಲು ಹೊರಡುವವನು ಲಿಪಿಕಾರನ ತಪ್ಪಿನ ಮೇಲೆ ತನ್ನದೊಂದನ್ನು ಸೇರಿಸುತ್ತಾನೆ. ದೋಷ ಎಲ್ಲಿಂದ ಬಂದಿತು, ಮಾತೃಕೆಯಲ್ಲಿಯೇ ಇತ್ತೋ, ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲವೋ, ಸಾಲು ಜಾರಿದ ಕಣ್ಣಿನ ಕೆಲಸವೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನಾವು ತರಗತಿಯಲ್ಲಿ ವರ್ಷವಿಡೀ ಹೇಳಿದರೂ ಎಳೆಯ ಸಂಶೋಧಕರ ಕೈ ತಿದ್ದುಪಡಿಗೇ ಮೊದಲು ಹೋಗುತ್ತದೆ. ಆಚಾರ್ರ ಕೈ ಮಡಿಲಲ್ಲಿತ್ತು.

ಆದರೆ ಒಂದು ವ್ಯತ್ಯಾಸ ನೋಯಿಸುತ್ತದೆ. ದನಗಳ ರೋಗಕ್ಕೆ ಹನ್ನೆರಡನೆಯ ಶತಮಾನದಲ್ಲಿಯೇ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ ‘ಅಶ್ವವೈದ್ಯ’ವನ್ನು ರಚಿಸಿದ. ಜನ ಯಾವುದನ್ನು ಏರಿ, ಹೂಡಿ ಬದುಕುತ್ತಿದ್ದರೋ ಅದರ ಆರೈಕೆಯನ್ನು ಬರೆಹಕ್ಕೆ ತರುವುದು ಕವಿಗೆ ಕೀಳೆನಿಸಿರಲಿಲ್ಲ. ಮೈಸೂರಿನಲ್ಲೇ ಹುಟ್ಟಿದ ಈ ಉಕ್ಕಿನ ಕುದುರೆಯ ವೈದ್ಯವಾದರೋ ಆಚಾರ್ರಂತಹವರ ಬಾಯಿಮಾತಿನಲ್ಲಿ ನಿಂತಿದೆ. ಅವರ ಬೆರಳ ಗಂಟುಗಳು ಊದಿವೆ, ಮಗ ಗಲ್ಫಿನಲ್ಲಿದ್ದಾನೆ, ಅಂಗಡಿಯನ್ನು ಈ ವರ್ಷ ಬಿಟ್ಟುಕೊಡುವ ಮಾತು ನಡೆದಿದೆ.

ಹಾಗಾಗಿ ಭಾನುವಾರಗಳಲ್ಲಿ ನೋಟುಪುಸ್ತಕ ಹಿಡಿದು ಹೋಗುತ್ತಿದ್ದೇನೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು ನನ್ನ ನಿಯಮ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದ ಎಂಜಿನ್ನಿಗೆ ಅವರು “ದಮ್ಮು” ಎನ್ನುತ್ತಾರೆ. ಸೀಲ್ ಹೋದದ್ದು “ಕುಡಿಯುತ್ತದೆ”. ಮಳೆಯಲ್ಲಿ ಪ್ಲಗ್ಗಿನ ವಯರಿನಿಂದ ಕರೆಂಟ್ ಸೋರುವುದನ್ನು ಕಾಣಲು ರಾತ್ರಿ ದೀಪವಾರಿಸಿ ಸ್ಟಾರ್ಟ್ ಮಾಡಬೇಕಂತೆ. ವಯರಿನ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಆಗ ಕಾಣುತ್ತದೆ. ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಎಂದು ನಾನು ಬರೆದುದನ್ನು ನೋಡಿ ನಕ್ಕರು. ಅವರ ಅಳತೆ ಅಂಗಡಿಯ ಗೋಡೆಗೆ ಸಿಕ್ಕಿಸಿಟ್ಟ, ಅಂಚು ಸವೆದ ಒಂದು ಮದುವೆಯ ಕಾಗದದ ತುಂಡು. ಅದನ್ನು ಸಣ್ಣ ಲಕೋಟೆಯಲ್ಲಿ ಹಾಕಿ ನನ್ನ ಪುಸ್ತಕಕ್ಕೆ ಅಂಟಿಸಲು ಕೊಟ್ಟಿದ್ದಾರೆ. ಟೈಮಿಂಗ್ ಕೂರಿಸುವ ಭಾಗ ಇನ್ನೂ ಬಾಕಿಯಿದೆ. ಮಳೆ ಸ್ವಲ್ಪ ಹೊಳವಾಗಲಿ ಎಂದಿದ್ದಾರೆ.