ಹಾಫ್ ಮೂನ್ ಬೀಚಿನಿಂದ ರಸ್ತೆಗೆ

ಓಂ ಬೀಚಿನ ದಕ್ಷಿಣದ ತುದಿಯಲ್ಲಿ ಗುಡ್ಡ ಹತ್ತುತ್ತಿದ್ದೇವೆ. ಕೆಂಪು ಮುರಕಲ್ಲಿನ ಸಣ್ಣ ಕಾಲುದಾರಿ. ಎಡಕ್ಕೆ ಕುರುಚಲು ಕಾಡು, ಬಲಕ್ಕೆ ಕಡಿದಾದ ಬಂಡೆ, ಅದರ ಬುಡದಲ್ಲಿ ಸಮುದ್ರ. ಶಿವರಾತ್ರಿ ಕಳೆದ ವಾರ, ಹೊತ್ತು ಇನ್ನೂ ಹತ್ತೂವರೆ, ಅಂಗಿ ಆಗಲೇ ಬೆನ್ನಿಗಂಟಿದೆ. ನಮ್ಮ ಮಂಡ್ಯದ ಕಡೆ ಬೆವರು ಬಂದಷ್ಟೇ ಬೇಗ ಆರುತ್ತದೆ. ಇಲ್ಲಿ ಗಾಳಿಯೇ ಒದ್ದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ನಿನ್ನೆ ರಾತ್ರಿ ಶ್ರೀರಂಗಪಟ್ಟಣ ಬಿಟ್ಟ ಟೆಂಪೊ ಟ್ರಾವೆಲರ್, ಪಾಂಡವಪುರದಲ್ಲಿ ಭಾವನನ್ನು, ಕೆ.ಆರ್. ಪೇಟೆಯಲ್ಲಿ ನಮ್ಮನ್ನೂ ನಾಗಮಂಗಲದಿಂದ ಬಂದಿದ್ದ ಚಿಕ್ಕಮ್ಮನನ್ನೂ ಹತ್ತಿಸಿಕೊಂಡು ಅರಸೀಕೆರೆ, ಶಿವಮೊಗ್ಗ, ಹೊನ್ನಾವರದ ಮೇಲೆ ಬೆಳಗಿನ ಹೊತ್ತಿಗೆ ಗೋಕರ್ಣ ಮುಟ್ಟಿತು. ಮಹಾಬಲೇಶ್ವರನ ದರ್ಶನ ಮುಗಿಸಿ ತಿಂಡಿ ಬಿಚ್ಚಿದೆವು. ಪುಳಿಯೋಗರೆ, ಚಪಾತಿ, ನಿನ್ನೆ ಸಂಜೆ ರುಬ್ಬಿದ ಕಾಯಿಚಟ್ನಿ.

ಗುಡ್ಡ ಇಳಿದರೆ ಹಾಫ್ ಮೂನ್. ಪುಟ್ಟ ಕಡಲತೀರ, ನಾಲ್ಕಾರು ತೆಂಗಿನ ಮರ, ಗರಿ ಹೊದಿಸಿದ ಗುಡಿಸಲು. ಹೊಳೆಯ ಮಕ್ಕಳಾದ ನಮ್ಮ ಹುಡುಗರು ಒಂದೇ ಓಟಕ್ಕೆ ನೀರಿಗೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಕಾವೇರಿ ಒಂದೇ ಕಡೆಗೆ ಎಳೆಯುತ್ತದೆ. ಇದು ತಳ್ಳಿ, ಹಿಂದಕ್ಕೆಳೆದು, ಕಾಲ ಕೆಳಗಿನ ಮರಳನ್ನೇ ಕದಿಯುತ್ತದೆ. ಕಿರಿಯವನು ಬಿದ್ದು ಎದ್ದು ಬಾಯಲ್ಲಿದ್ದ ಉಪ್ಪು ಉಗುಳಿ ಮತ್ತೆ ಓಡುತ್ತಾನೆ.

ಚಿಕ್ಕಮ್ಮ ಬಂಡೆಯ ನೆರಳಲ್ಲಿ ಕೂತಿದ್ದಾರೆ. ಮುಖ ಬಿಳಿಚಿದೆ.

“ಏನಿಲ್ಲ ಕಣಪ್ಪ, ಒಸಿ ತಲೆ ಸುತ್ತುತೈತೆ ಅಷ್ಟೇಯ.”

ಅಷ್ಟು ಹೇಳಿ ಮರಳಿಗೆ ವಾಂತಿ ಮಾಡುತ್ತಾರೆ. ಐದು ನಿಮಿಷದಲ್ಲಿ ಇನ್ನೊಮ್ಮೆ. ಹಿಂದೆಯೇ ಭೇದಿ. ಅತ್ತ ಭಾವನಿಗೂ ಹೊಟ್ಟೆ ಹಿಂಡುತ್ತಿದೆ. ಚಟ್ನಿ ತಿಂದವರು ಇವರಿಬ್ಬರೇ. ಹುಣಸೆಹುಳಿ, ಎಣ್ಣೆಯ ಪುಳಿಯೋಗರೆ ರಾತ್ರಿಯ ಪ್ರಯಾಣವನ್ನು ತಡೆದುಕೊಳ್ಳುತ್ತದೆ, ಹಸಿ ಕಾಯಿ ತಡೆಯುವುದಿಲ್ಲ. ವಾಹನದ ಸೆಕೆಯಲ್ಲಿ ರೋಗಾಣು ಬೆಳೆದು ಅದರೊಳಗೇ ವಿಷ ಬಿಡುತ್ತದೆ. ಕೆಲವು ವಿಷ ಮತ್ತೆ ಕುದಿಸಿದರೂ ಸಾಯುವಂಥದ್ದಲ್ಲ. ತಿಂದ ಒಂದೆರಡು ಗಂಟೆಯಲ್ಲೇ ಹೀಗೆ ಮೇಲೆಬೀಳುತ್ತದೆ.

ಇಲ್ಲಿಗೆ ರಸ್ತೆ ಇಲ್ಲ. 108ಕ್ಕೆ ಫೋನ್ ಮಾಡಿದರೂ ಆಂಬುಲೆನ್ಸ್ ಬರುವುದು ಓಂ ಬೀಚಿನ ಮೇಲಿನವರೆಗೆ ಮಾತ್ರ. ಇನ್ನೂ ಆಚೆಗಿನ ಪ್ಯಾರಡೈಸ್ ಬೀಚಿಗೆ ಹೋಗಬೇಕೆಂದು ಹುಡುಗರ ಆಸೆ. ಆ ಮಾತು ಅಲ್ಲಿಗೇ ನಿಂತಿತು. ಕಾಯಿಲೆಯಾದ ಮನುಷ್ಯ ರಸ್ತೆಯತ್ತ ಹೆಜ್ಜೆ ಹಾಕಬೇಕು, ನೋಟದತ್ತ ಅಲ್ಲ. ನಡೆಯುವ ಶಕ್ತಿ ಉಳಿದಿರುವಾಗಲೇ ಹೊರಡಬೇಕು.

ತಂಗಿಯ ಚೀಲದಲ್ಲಿ ಓಆರ್‌ಎಸ್ ಪೊಟ್ಟಣಗಳಿವೆ. ಒಂದು ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಎದುರಿಗಿರುವ ಸಮುದ್ರದ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಈ ಬಾಟಲಿಯಲ್ಲಿ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಗ್ಲೂಕೋಸ್ ಉಪ್ಪನ್ನು ಕರುಳಿನ ಗೋಡೆ ದಾಟಿಸುತ್ತದೆ, ಉಪ್ಪಿನ ಬೆನ್ನಿಗೆ ನೀರು ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಇದೇ ಬಗೆಯ ನೀರನ್ನು ಡ್ರಮ್ಮುಗಳಿಂದ ಕುಡಿಸಿದರು. ಸಾವು ನೂರಕ್ಕೆ 30ರ ಆಸುಪಾಸಿನಿಂದ 4ರೊಳಗೆ ಇಳಿಯಿತು. ಎಷ್ಟು ಮನೆಗಳ ದೀಪ ಉಳಿಸಿದ ನೀರು ಇದು!

“ಗಟಗಟ ಕುಡೀಬೇಡಿ ಚಿಕ್ಕಮ್ಮ, ಗುಟುಕು ಗುಟುಕು.” ಬಾಟಲಿಯ ಮುಚ್ಚಳದಲ್ಲಿ ಹುಯ್ದು ತಂಗಿ ಒಂದೊಂದೇ ಗುಟುಕು ಕೊಡುತ್ತಿದ್ದಾಳೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು.

ದೋಣಿಯವರಿಗೆ ಕೈ ಬೀಸಿ ಕರೆದಾಯಿತು. ದೋಣಿ ಮರಳಿಗೆ ಬರುವಂತಿಲ್ಲ. ಮೊಣಕಾಲುದ್ದ ನೀರಿನಲ್ಲಿ ಇಬ್ಬರು ಹೆಗಲು ಕೊಟ್ಟು ಚಿಕ್ಕಮ್ಮನನ್ನು ಎತ್ತಿ ಕೂರಿಸುತ್ತೇವೆ. ಎಂಜಿನ್ ಶುರುವಾದ ಕೂಡಲೇ ಡೀಸೆಲ್ ವಾಸನೆಗೆ ಮತ್ತೆ ಓಕರಿಕೆ. “ದೂರ ನೋಡಿ ಅಮ್ಮ, ಆ ಗುಡ್ಡ ನೋಡಿ” ಎನ್ನುತ್ತಾನೆ ದೋಣಿ ನಡೆಸುವ ಹುಡುಗ. ಓಂ ಬೀಚಿನಲ್ಲಿ ಮೆಟ್ಟಿಲು. ಅಂಗಡಿಯವರು ಕೇಳುವ ಮೊದಲೇ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರು. ನಾಲ್ವರು ಹೊತ್ತು ಮೇಲೇರಿದರೆ ನಮ್ಮ ಗಾಡಿ ಕಾದಿದೆ.

ಊರೊಳಗಿನ ಆಸ್ಪತ್ರೆಯಲ್ಲಿ ನರ್ಸ್ ಕೈಮೇಲಿನ ಚರ್ಮ ಚಿವುಟಿ ಬಿಡುತ್ತಾರೆ. ಅದು ನಿಧಾನಕ್ಕೆ ಇಳಿಯುತ್ತದೆ. “ಒಂದಕ್ಕೆ ಹೋಗಿ ಎಷ್ಟು ಹೊತ್ತಾಯ್ತು? ದಿನಾ ಯಾವ ಮಾತ್ರೆ ತಗೊಳ್ತೀರಿ?” ನಮ್ಮಲ್ಲಿ ಯಾರಿಗೂ ಹೆಸರು ಗೊತ್ತಿಲ್ಲ. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಬಿಪಿ, ಸಕ್ಕರೆ ಕಾಯಿಲೆಯ ಎರಡು ಸ್ಟ್ರಿಪ್ ಮುಂದಿಡುತ್ತಾರೆ. ಡಾಕ್ಟರು ಅದನ್ನೇ ಮೊದಲು ನೋಡಿದ್ದು. ಮೈಯಲ್ಲಿ ನೀರು ಬತ್ತಿರುವಾಗ ಕೆಲವು ಮಾತ್ರೆಗಳು ಕಿಡ್ನಿಗೆ ಭಾರ. ಇವತ್ತಿಗೆ ನಿಲ್ಲಿಸಿ, ಯಾವಾಗ ಶುರು ಮಾಡಬೇಕೆಂದು ನಾಳೆ ಹೇಳುತ್ತೇನೆ ಎಂದರು. ಕೈಗೆ ಸಲೈನ್. ಭಾವನಿಗೆ ಓಆರ್‌ಎಸ್ಸೇ ಸಾಕಾಯಿತು.

ಸಂಜೆ ಐದಕ್ಕೆ ಚಿಕ್ಕಮ್ಮ ಎದ್ದು ಬಚ್ಚಲಿಗೆ ಹೋಗಿ ಬಂದರು. ಅದನ್ನು ಕೇಳಿ ನರ್ಸಿನ ಮುಖ ಸಡಿಲವಾಯಿತು. ಇವತ್ತು ರಾತ್ರಿ ನಾವು ಉಳಿದುಕೊಳ್ಳುವ ಮನೆಯವರು ಕುಚ್ಚಲಕ್ಕಿ ಗಂಜಿ ಕಳಿಸಿದ್ದಾರೆ.

“ಮುರುಡೇಶ್ವರ?” ಎಂದು ಡ್ರೈವರ್ ಬಾಗಿಲಲ್ಲೇ ಕೇಳುತ್ತಾನೆ.

“ಬ್ಯಾಡ ಕಣಪ್ಪ, ಡಾಕ್ಟ್ರು ಬಿಟ್ಟ್ರೆ ನಾಳೆ ಸೀದಾ ಊರಿಗೆ ನಡಿ,” ಎಂದರು ಚಿಕ್ಕಮ್ಮ, ಗಂಜಿಗೆ ಇನ್ನೊಂದಿಷ್ಟು ಉಪ್ಪು ಕೇಳುತ್ತ.