ತಿರುಪ್ಪೂರಿನಲ್ಲೊಂದು ಬಾಡಿಗೆಯ ಕಟ್ಟಡ

ದಿಂಬಂ ಘಟ್ಟದ ೨೭ ತಿರುವುಗಳನ್ನು ಇಳಿದು, ಸತ್ಯಮಂಗಲ, ಪುಳಿಯಂಪಟ್ಟಿ, ಅವಿನಾಶಿಗಳನ್ನು ದಾಟಿ ನಾವು ತಿರುಪ್ಪೂರನ್ನು ಸೇರಿದಾಗ ಬಿಸಿಲು ನೆತ್ತಿಗೇರಿತ್ತು. ನಮ್ಮ ಬೀಗರು ಅಲ್ಲಿ ಬಾಡಿಗೆಗೆಂದೇ ಹನ್ನೆರಡು ಮನೆಗಳ ಕಟ್ಟಡವೊಂದನ್ನು ಎಬ್ಬಿಸಿದ್ದಾರೆ. ಎಲ್ಲರಿಗೂ ಸೇರಿದ ಜಾಗಗಳನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ನೋಡಿ ಹೇಳಿರೆಂದು ನಮ್ಮನ್ನು ಕರೆಸಿಕೊಂಡಿದ್ದರು.

ಬನಿಯನ್ ಹೊಲಿಗೆಯ ಈ ಊರಿನಲ್ಲಿ ಬಾಡಿಗೆಯ ಮನೆ ಎಂದರೆ ಬಹುಕಾಲ 'ಲೈನ್ ವೀಡು' ಎಂದೇ ಅರ್ಥ: ಒಂದೇ ಸಾಲಿನ ಕೋಣೆಗಳು, ಕೊನೆಯಲ್ಲಿ ಎಲ್ಲರಿಗೂ ಒಂದು ನಲ್ಲಿ, ಒಗೆಯುವ ಒಂದು ಕಲ್ಲು, ಸರದಿಯ ಕಕ್ಕಸು. ಅಂಥ ಸಾಲಿನಲ್ಲಿಯೇ ಬೆಳೆದ ಬೀಗರಿಗೆ ತಮ್ಮ ಕಟ್ಟಡ ಅದರಂತೆ ಕಾಣಬಾರದೆಂಬ ಹಟ. ಕೆಳ ಅಂತಸ್ತಿನ ಹಜಾರಕ್ಕೆ ವ್ಯಾಯಾಮದ ಯಂತ್ರಗಳನ್ನೂ ಗೋಡೆಯಗಲದ ಕನ್ನಡಿಯನ್ನೂ ಗೊತ್ತುಮಾಡಿದ್ದರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಹೊಲಿಗೆಯ ಯಂತ್ರದ ಮುಂದೆ ದುಡಿದು ಬಂದವರು ಮತ್ತೊಂದು ಯಂತ್ರವನ್ನು ಏರುವರೇ ಎಂಬ ಸಂದೇಹ ನಮಗೆ ಬಂದರೂ, ಬೀಗತನದ ಸಂಕೋಚದಿಂದ ಸುಮ್ಮನಿದ್ದೆವು.

ಬಾಯಿಬಿಟ್ಟವರು ಅವರ ತಾಯಿ. ನೆಗಮಂ ಕಡೆಯ ಮಗ್ಗದ ಕೇರಿಯಿಂದ ಬಂದ ಹಿರಿಯರು. ಅಲ್ಲಿನ ಹಲವು ದೇವಾಂಗರಂತೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು.

"ಕನ್ನಡಿ ಆಮೇಲಾಗಲಪ್ಪ, ಉಪ್ಪುನೀರಿಗೂ ಕುಡಿಯುವ ನೀರಿಗೂ ಬೇರೆ ಬೇರೆ ತೊಟ್ಟಿ ಮಾಡಿಸಿದ್ದೀಯಾ?" ಎಂದು ಕೇಳಿದರು.

ಮೇಸ್ತ್ರಿ ಒಂದೇ ತೊಟ್ಟಿಯನ್ನು ಕಟ್ಟಿದ್ದ.

ಈ ಸೀಮೆಯಲ್ಲಿ ಇದು ಸಣ್ಣ ತಪ್ಪಲ್ಲ. ಕೊಳವೆಬಾವಿಯ ನೀರು ಒಗೆಯುವುದಕ್ಕೆ, ತೊಳೆಯುವುದಕ್ಕೆ ಮಾತ್ರ. ಊರ ನಡುವೆ ಹರಿಯುವ ನೊಯ್ಯಲ್ ಹೊಳೆಯ ಗತಿಯನ್ನು ಓದುಗರು ಬಲ್ಲರು. ೧೯೯೨ರಲ್ಲಿ ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳಯಂ ಅಣೆಯಲ್ಲಿ ಬಣ್ಣದ ಕಾರ್ಖಾನೆಗಳ ಕೊಳೆನೀರು ತುಂಬಿತು. ೨೦೧೧ರಲ್ಲಿ ಮದರಾಸು ಹೈಕೋರ್ಟು ಆ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಕುಡಿಯುವ ನೀರು ಭವಾನಿಯ ಕಡೆಯಿಂದ ಕೊಳವೆಯಲ್ಲಿ ಬರಬೇಕು. ಅದೂ ದಿನದಿನವೂ ಬರುವುದಿಲ್ಲ. ಸಿರುವಾಣಿಯ ಸಿಹಿನೀರನ್ನು ಕುಡಿದು ಬೀಗುವ ಕೊಯಮತ್ತೂರಿನವರಿಗೂ ಕೊಡಗಳನ್ನು ತುಂಬಿಡುವ ಕಷ್ಟ ತಪ್ಪಿಲ್ಲ. ಬಂದ ದಿನ ಹಿಡಿದಿಟ್ಟ ನೀರಿನೊಳಗೆ ಉಪ್ಪುನೀರು ಬೆರೆತರೆ ಹನ್ನೆರಡು ಮನೆಗಳೂ ಕ್ಯಾನಿನ ನೀರಿಗೆ ಹಣ ತೆರಬೇಕು. ಬಾಡಿಗೆಯವರ ಸಂಬಳದಲ್ಲಿ ಅದು ಹಗುರದ ಮಾತಲ್ಲ.

ಬೀಗರು ಮೊದಲು ಮುಖ ಗಂಟಿಕ್ಕಿದರು. ರಾತ್ರಿ ಊಟವಾದ ಮೇಲೆ ಲೆಕ್ಕದ ಪುಸ್ತಕವನ್ನು ತಾವಾಗಿಯೇ ತೆರೆದರು. ಯಂತ್ರಗಳಿಗೆ ಮುಂಗಡ ಕೊಟ್ಟಿರಲಿಲ್ಲವೆಂಬುದೇ ಪುಣ್ಯ! ಆ ಹಣದಲ್ಲಿ ಎರಡನೆಯ ತೊಟ್ಟಿ, ಅದಕ್ಕೊಂದು ಮೋಟಾರು, ಮಹಡಿಯ ಮೇಲೆ ಒಗೆಯುವ ಎರಡು ಕಲ್ಲು, ಬಟ್ಟೆ ಹರವಲು ತಂತಿಗಳು ಎಂದು ಬರೆದುಕೊಂಡೆವು. ಮಳೆನೀರಿನ ಇಂಗುಗುಂಡಿಯನ್ನು ಮಾತ್ರ ಮೇಸ್ತ್ರಿ ಮರೆತಿರಲಿಲ್ಲ. ೨೦೦೩ರಿಂದ ತಮಿಳುನಾಡಿನಲ್ಲಿ ಅದು ಕಡ್ಡಾಯ.

ಹಜಾರ ಬರಿದಾಗಿಯೇ ಉಳಿಯಿತು. ಅಲ್ಲಿ ಏನಿರಬೇಕೆಂದು ತಾಯಿಯವರನ್ನು ಕೇಳಿದೆವು. ತಮ್ಮ ಕೇರಿಯಲ್ಲಿ ಬೆಳಗಿನ ಜಾವ ಬೀದಿಯುದ್ದಕ್ಕೂ ಹಾಸು ಚಾಚಿ ಗಂಜಿ ಹಾಕುವಾಗ ಅಕ್ಕಪಕ್ಕದವರೆಲ್ಲ ಕೈಗೂಡಿಸುತ್ತಿದ್ದರೆಂದು ಹೇಳಿದರು. ಇಲ್ಲಿಗೆ ಬಂದ ಮೇಲೆ ಮಗ, ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವರೊಡನೆ ಮಾತನಾಡುವವರಿಲ್ಲ.

"ಗೋಡೆಗುಂಟ ಒಂದು ಜಗಲಿ ಕಟ್ಟಿಸು, ಸಾಕು. ಬಾಗಿಲಿಗೆ ಬೀಗ ಮಾತ್ರ ಬೇಡ" ಎಂದರು.

ನಾವು ಹೊರಡುವ ಬೆಳಿಗ್ಗೆ ಹಜಾರದಲ್ಲಿ ಇಟ್ಟಿಗೆ ಇಳಿಸುತ್ತಿದ್ದರು. ತಾಯಿಯವರು ಒಂದು ಕೋಲು ಹಿಡಿದು, ಕುಳಿತರೆ ಕಾಲು ನೆಲಕ್ಕೆ ಮುಟ್ಟುವಷ್ಟೇ ಎತ್ತರವಿರಲೆಂದು ಮೇಸ್ತ್ರಿಗೆ ತಮಿಳಿನಲ್ಲಿ ಅಳತೆ ಹೇಳುತ್ತಿದ್ದರು.